ಹಲ್ಲಿಯ ವಿಷ, ಅಪ್ಪನ ಕೈ

ಅಮೆರಿಕದ ಅರಿಝೋನಾ ಕಡೆ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಅಂತ ಒಂದು ಹಲ್ಲಿ ಇದೆ. ನಮ್ಮ ಗೋಡೆ ಹಲ್ಲಿ ಥರ ಅಲ್ಲ. ಮೊಳದುದ್ದ, ಮೈಮೇಲೆ ಕಪ್ಪು-ಕಿತ್ತಳೆ ಮಣಿ ಪೋಣಿಸಿದ ಹಾಗೆ, ಜೊತೆಗೆ ವಿಷ ಬೇರೆ. ಈ ಪ್ರಾಣಿಗೂ ನಮ್ಮಪ್ಪನ ನಡುಗೋ ಕೈಗೂ ಏನು ಸಂಬಂಧ ಅಂತೀರಾ? ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ...

ನಾವು ಊಟ ಮಾಡಿದಾಗ ಕರುಳಿನಿಂದ ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಹೊರಡುತ್ತೆ. ಪ್ಯಾಂಕ್ರಿಯಾಸ್‌ನಲ್ಲಿರೋ ತನ್ನ ರಿಸೆಪ್ಟರ್‌ನಲ್ಲಿ, ಬೀಗಕ್ಕೆ ಕೀಲಿ ಕೂತ ಹಾಗೆ ಕೂತು, ಇನ್ಸುಲಿನ್ ಬಿಡಿಸುತ್ತೆ. ಆದ್ರೆ ಒಂದೆರಡು ನಿಮಿಷದಲ್ಲಿ ಒಡೆದು ಹೋಗುತ್ತೆ, ಔಷಧಿ ಮಾಡೋಕಾಗಲ್ಲ. ನ್ಯೂಯಾರ್ಕಿನ ಡಾ. ಜಾನ್ ಎಂಗ್ ಅವರ ತಂಡ 1992ರಲ್ಲಿ ಈ ಹಲ್ಲಿಯ ವಿಷದಿಂದ ಒಂದು ವಸ್ತು ಬೇರ್ಪಡಿಸಿದ್ದನ್ನ ವರದಿ ಮಾಡಿತು. ಅದೂ ಇದೇ ಬೀಗಕ್ಕೆ ಕೂರುತ್ತೆ, ಆದ್ರೆ ಗಂಟೆಗಟ್ಟಲೆ ಉಳಿಯುತ್ತೆ. ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿದ್ದು ಎಕ್ಸೆನಟೈಡ್. 2005ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಗೆ ಒಪ್ಪಿಗೆ ಸಿಕ್ತು. ಈಗ ತೂಕ ಇಳಿಸೋಕೆ ಅಂತ ಚುಚ್ಚಿಸ್ಕೊಳ್ತಾರಲ್ಲ, ಆ ಇಂಜೆಕ್ಷನ್‌ಗಳು ಇದರ ದಾಯಾದಿಗಳೇ.

ಆ ಬೀಗ ಮಿದುಳಲ್ಲೂ ಇದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸೋ ಜೀವಕೋಶಗಳು ಒಂದೊಂದೇ ಸಾಯ್ತಾ ಹೋಗುತ್ವೆ. ಪ್ರಯೋಗದ ಇಲಿಗಳಲ್ಲಿ ಎಕ್ಸೆನಟೈಡ್ ಅದನ್ನ ತಡೆಯೋ ಹಾಗೆ ಕಾಣಿಸ್ತು. ಅಪ್ಪ ತಗೊಳ್ಳೋ ಲೆವೊಡೋಪ ಮಾತ್ರೆ ಸೋರೋ ತೊಟ್ಟಿಗೆ ನೀರು ಹೊತ್ತು ಹಾಕೋ ಕೆಲಸ ಮಾಡುತ್ತೆ, ಅಷ್ಟೇ. ಬಿರುಕು ಮುಚ್ಚುತ್ತೆ ಅಂತ ಸಾಬೀತಾದ ಔಷಧಿ ಇವತ್ತಿಗೂ ಒಂದೂ ಇಲ್ಲ. ನಮ್ಮಂಥ ಮನೆಯವರಿಗೆ ಈ ಹಲ್ಲಿ ಯಾಕೆ ದೇವರ ಹಾಗೆ ಕಾಣಿಸ್ತು ಅಂತ ಈಗ ಗೊತ್ತಾಯ್ತಲ್ವಾ?

ಲಂಡನ್ನಿನ ಪ್ರೊ. ಟಾಮ್ ಫೋಲ್ಟಿನಿ ತಂಡ 2013ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿತು. ಇಂಜೆಕ್ಷನ್ ತಗೊಂಡವರು ಸುಧಾರಿಸಿದ್ರು. ಆದ್ರೆ ಯಾರಿಗೆ ಔಷಧಿ ಸಿಕ್ಕಿದೆ ಅಂತ ರೋಗಿಗಳಿಗೆ ಗೊತ್ತಿತ್ತು. ಈ ಕಾಯಿಲೆಯಲ್ಲಿ ಅದು ಸಣ್ಣ ವಿಷಯ ಅಲ್ಲ. ಬರೀ ಉಪ್ಪುನೀರು ಚುಚ್ಚಿದ್ರೂ, ಔಷಧಿ ಅನ್ನೋ ನಂಬಿಕೆಗೇ ಮಿದುಳು ಡೋಪಮೈನ್ ಬಿಡುತ್ತೆ ಅಂತ 2001ರಲ್ಲೇ ಕೆನಡಾದವರು ಸ್ಕ್ಯಾನ್ ಮಾಡಿ ತೋರಿಸಿದ್ರು! ಆಮೇಲೆ 2017ರಲ್ಲಿ ಯಾರಿಗೂ ಗೊತ್ತಾಗದ ಹಾಗೆ 60 ಜನರ ಮೇಲೆ ಪರೀಕ್ಷೆ. 132 ಅಂಕದ ಅಳತೆಯಲ್ಲಿ 3.5 ಅಂಕದಷ್ಟು ವ್ಯತ್ಯಾಸ. 2024ರಲ್ಲಿ ಫ್ರಾನ್ಸ್‌ನಲ್ಲಿ ಇದೇ ಜಾತಿಯ ಲಿಕ್ಸಿಸೆನಟೈಡ್, 156 ಜನ. ಔಷಧಿ ತಗೊಂಡವರು ಒಂದು ವರ್ಷ ಇದ್ದಲ್ಲೇ ಇದ್ರು, ಮಿಕ್ಕವರು ಮೂರು ಅಂಕ ಕುಸಿದ್ರು. ಅರ್ಧದಷ್ಟು ಜನಕ್ಕೆ ಹೊಟ್ಟೆ ತೊಳಸು, ಅದು ಬೇರೆ ಮಾತು.

ಅಮೆರಿಕದಲ್ಲಿರೋ ಭಾವ ಈ ಸುದ್ದಿಯನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ತಡ, ಅಪ್ಪ "ಆ ಹಲ್ಲಿ ಇಂಜೆಕ್ಷನ್ ಇಲ್ಲಿ ಸಿಗುತ್ತೇನೋ, ಕೇಳು" ಅಂತ ಶುರು ಮಾಡಿದ್ರು. ಲೆಕ್ಕದ ಮೇಷ್ಟ್ರಾಗಿದ್ದವರು, ಮೂರು ಅಂಕಕ್ಕೇ ಆಸೆ ಪಟ್ರು. ಡಾಕ್ಟ್ರು "ದೊಡ್ಡ ಪರೀಕ್ಷೆ ನಡೀತಿದೆ, ಕಾಯೋಣ" ಅಂದ್ರು. ಮೊದಲೇ ಸೊರಗಿರೋ ಮನುಷ್ಯನಿಗೆ ತೂಕ ಇಳಿಸೋ ಔಷಧಿ ಅಂದ್ರೆ ಅಮ್ಮನಿಗಂತೂ ಸುತರಾಂ ಇಷ್ಟ ಇರಲಿಲ್ಲ.

ಆ ದೊಡ್ಡ ಪರೀಕ್ಷೆಯ ಫಲಿತಾಂಶ 2025ರ ಫೆಬ್ರವರಿಯಲ್ಲಿ ಬಂತು. ಬ್ರಿಟನ್ನಿನಲ್ಲಿ 194 ಜನ, 96 ವಾರ, ವಾರಕ್ಕೊಂದು ಚುಚ್ಚುಮದ್ದು. ಎಕ್ಸೆನಟೈಡ್ ಸಿಕ್ಕವರು 5.7 ಅಂಕ ಕುಸಿದಿದ್ರು, ಸುಳ್ಳು ಔಷಧಿಯವರು 4.5. ಪ್ರಯೋಜನ ಇಲ್ಲ.

ನಂಗೆ ಆ ಸಂಖ್ಯೆಗಿಂತ ಹೆಚ್ಚು ತಟ್ಟಿದ್ದು ಅಳತೆ ಮಾಡೋ ರೀತಿ. ಮುಖ್ಯ ಅಳತೆಗೆ ರೋಗಿಗಳು ಹಿಂದಿನ ರಾತ್ರಿಯಿಂದಲೇ ತಮ್ಮ ಮಾಮೂಲಿ ಮಾತ್ರೆ ಬಿಟ್ಟು ಬರಬೇಕು, ಇಲ್ಲಾಂದ್ರೆ ಕಾಯಿಲೆಯ ನಿಜವಾದ ಮಟ್ಟ ಕಾಣಲ್ಲ. ಹಾಗೇ ಬಂದು ಬೆರಳು ತಟ್ಟಿ, ಕುರ್ಚಿಯಿಂದ ಎದ್ದು, ನಡೆದು ತೋರಿಸಬೇಕು. ಬೆಳಗ್ಗೆ ಏಳರ ಮಾತ್ರೆ ಅರ್ಧ ಗಂಟೆ ತಡ ಆದ್ರೆ ಅಪ್ಪನಿಗೆ ಅಂಗಿ ಗುಂಡಿ ಹಾಕ್ಕೊಳ್ಳೋಕಾಗಲ್ಲ, ಹಾಸಿಗೇಲಿ ಮಗ್ಗುಲು ಬದಲಿಸೋಕೆ ಅಮ್ಮ ಬರಬೇಕು. ಪರೀಕ್ಷೆ ಫೇಲಾಯ್ತು ಅಂತ ಪೇಪರಿನವರು ಒಂದೇ ಸಾಲಲ್ಲಿ ಬರೆದು ಮುಗಿಸಿದ್ರು. ಅದಕ್ಕೇ ನಂಗೆ ಸಿಟ್ಟು. ಆ ಜನ ಅಷ್ಟು ಕಷ್ಟಪಡದೇ ಇದ್ದಿದ್ರೆ ಇವತ್ತು ನಾವು ಸಾಲ ಮಾಡಿ ಆ ಇಂಜೆಕ್ಷನ್ ಹುಡುಕ್ತಾ ಇರ್ತಿದ್ವಿ.

ಅಪ್ಪನಿಗೆ ನಾನೇ ಹೇಳಿದೆ. ಎರಡೂ ಸಂಖ್ಯೆ ಬರೆಸ್ಕೊಂಡು ನೋಡಿದ್ರು. "ಫ್ರಾನ್ಸಿನವರದ್ದು?" ಅಂದ್ರು. ಅದನ್ನೂ ಹೀಗೇ ದೊಡ್ಡದಾಗಿ, ವರ್ಷಗಟ್ಟಲೆ ಮಾಡಿ ನೋಡಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅಷ್ಟೂ ಜನ ಮಾತ್ರೆ ಬಿಟ್ಟು ಆಸ್ಪತ್ರೆಗೆ ಹೋಗ್ತಿದ್ರಾ? ಕರ್ಕೊಂಡು ಹೋಗೋರು ಇದ್ರಾ ಜೊತೆಗೆ?" ಅಂತ ಕೇಳಿದ್ರು.