ಹಿಮಾಲಯದ ಜೇನೂ ಜೋಯಿಡಾದ ಮಳೆಯೂ

ಜೇನೆಲ್ಲ ಒಂದೇ ಎಂದು ನಮ್ಮ ಹಿಂದಿನವರು ತಿಳಿದಿರಲಿಲ್ಲ. ಸುಶ್ರುತನು ಜೇನುತುಪ್ಪವನ್ನು ಎಂಟು ಬಗೆಯಾಗಿ ವಿಂಗಡಿಸಿರುವನು. ಅವುಗಳಲ್ಲಿ ಛಾತ್ರವೆಂಬುದು ಹಿಮಾಲಯದ ಕಾಡುಗಳಲ್ಲಿ ಕೊಡೆಯಾಕಾರದ ಗೂಡು ಕಟ್ಟುವ ನೊಣಗಳದೆಂದು ಭಾವಪ್ರಕಾಶವು ಹೇಳುತ್ತದೆ. (ಛಾತ್ರನೆಂದರೆ ವಿದ್ಯಾರ್ಥಿಯೂ ಹೌದು; ಗುರುವಿನ ದೋಷಗಳಿಗೆ ಕೊಡೆಯಂತೆ ಮರೆಯಾಗುವವನೆಂದು ವೈಯಾಕರಣರ ನಿರ್ವಚನ. ಅಂಥವರು ನಮಗೆ ಹೆಚ್ಚಾಗಿ ದೊರೆಯಲಿಲ್ಲ.)

ಕುಂಬಾರವಾಡದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಬಂದು, "ಮಾಸ್ತರೇ, ಹಿಮಾಚಲದಿಂದ ಹತ್ತು ಪೆಟ್ಟಿಗೆ ತುಡುವೆ ತರಿಸುತ್ತೇನೆ. ಅಲ್ಲಿಯ ನೊಣ ದೊಡ್ಡದು, ತುಪ್ಪ ಹೆಚ್ಚು, ಗೂಡು ಬಿಟ್ಟೋಡುವುದು ಕಡಿಮೆ" ಎಂದನು. ಅವನು ಹೇಳಿದುದೆಲ್ಲವೂ ನಿಜ. ಆದರೆ ಆ ಗುಣಗಳು ಅಲ್ಲಿಯ ನೊಣಕ್ಕೆ ಎಲ್ಲಿಂದ ಬಂದುವು?

ಚೊಂಬಿನ ಬಿಸಿನೀರು ಬೇಗ ಆರುವುದು, ಹಂಡೆಯದು ತಡವಾಗಿ ಆರುವುದು. ದೇಹವು ಕಿರಿದಾದಷ್ಟೂ ಶಾಖವು ಬೇಗ ಸೋರುವುದು. ಆದುದರಿಂದ ಚಳಿಯ ನಾಡಿನಲ್ಲಿ ನೊಣಗಳು ಒಂದಕ್ಕೊಂದು ಒತ್ತಿ ಉಂಡೆಯಾಗಿ, ರೆಕ್ಕೆಯನ್ನು ಆಡಿಸದೆಯೇ ಹಾರುವ ಸ್ನಾಯುಗಳನ್ನು ಕಂಪಿಸಿ ಶಾಖವನ್ನು ಹುಟ್ಟಿಸುವುವು. ಅದಕ್ಕೆ ಸೌದೆ ಜೇನುತುಪ್ಪವೇ. ತುಪ್ಪ ಸಾಲದ ಕುಟುಂಬವು ಮಾಘಮಾಸವನ್ನು ದಾಟಲಾರದು. ಹಿಮದ ನಡುವೆ ಗೂಡು ಬಿಟ್ಟು ಹೊರಟದ್ದಂತೂ ಉಳಿಯದು. ಹೀಗೆ ಸತ್ತ ಕುಟುಂಬದೊಡನೆ ಅದರ ಬೀಜವೂ ಅಳಿಯಿತು. ತುಸು ದೊಡ್ಡ ಮೈಯೂ ತುಸು ಹೆಚ್ಚು ಸಂಗ್ರಹಬುದ್ಧಿಯೂ ಹುಟ್ಟಿನಿಂದಲೇ ಬಂದಿದ್ದ ಕುಟುಂಬಗಳು ಉಳಿದು ಹಬ್ಬಿದುವು.

ಇದು ನೊಣವು ಅಭ್ಯಾಸದಿಂದ ಕಲಿತ ಪಾಠವಲ್ಲ. ದುಡಿಯುವ ನೊಣಕ್ಕೆ ಸಾಮಾನ್ಯವಾಗಿ ಸಂತಾನವೇ ಇಲ್ಲ. ತನ್ನ ಅನುಭವವನ್ನು ಅದು ಯಾರಿಗೆ ಕೊಟ್ಟೀತು? 1859ರ ತನ್ನ ಗ್ರಂಥದಲ್ಲಿ ಡಾರ್ವಿನ್ನನೂ ಈ ತೊಡಕನ್ನು ಎದುರಿಸಿ, ಆಯ್ಕೆಯು ಒಂಟಿ ಜೀವಿಗೆ ಮಾತ್ರವಲ್ಲ, ಕುಟುಂಬಕ್ಕೂ ಸಲ್ಲುವುದೆಂದು ಬಗೆಹರಿಸಿದನು. ರಾಣಿಯೂ ಗಂಡುನೊಣಗಳೂ ಹೊತ್ತ ವಂಶವಾಹಿಗಳೇ ಮುಂದಿನ ಪೀಳಿಗೆಗೆ ಇಳಿಯುವುವು. ಹೆಜ್ಜೇನಿನ ಹಿಮಾಲಯದ ಬಂಧುವು ಇನ್ನೂ ದೂರ ಸಾಗಿ ಬೇರೊಂದು ಜಾತಿಯೇ ಆಗಿದೆ. ಕಪ್ಪು ಮೈಯ ಆ ನೊಣವು ಎತ್ತರದ ಬಂಡೆಗಳಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ಕೆಳಗಿಳಿಯುವುದು. ದೂರವೇಕೆ? ಕೊಡಗಿನ ಬೆಟ್ಟದ ತುಡುವೆ ಕಪ್ಪು, ಬಯಲುಸೀಮೆಯದು ಹಳದಿ.

ನಮ್ಮ ಜೋಯಿಡಾ ಸೀಮೆಯ ಪರೀಕ್ಷೆ ಹಿಮವಲ್ಲ, ಮಳೆ. ಮೃಗಶಿರೆಯಿಂದಾಚೆಗೆ ಹೂವೆಲ್ಲ ತೊಳೆದು ಹೋಗುವುದು, ನೊಣ ಹೊರಬೀಳಲಾರದು. ಇಲ್ಲಿಯ ತುಡುವೆ ಆಗ ಮರಿಗಳನ್ನು ಕಡಿಮೆಮಾಡಿ ಸಂಸಾರವನ್ನು ಕಿರಿದುಗೊಳಿಸುವುದು. ಅದೂ ಸಾಲದಾದರೆ ಗೂಡನ್ನೇ ಬಿಟ್ಟು ಆಹಾರವಿದ್ದಲ್ಲಿಗೆ ಹೋಗುವುದು. ನಾವು ಅದನ್ನು ಓಡುಕುಳಿಯೆಂದು ಬಯ್ಯುವೆವು. ನಮಗೆ ನಷ್ಟವಾದ ಆ ಗುಣವೇ ಅದರ ಪ್ರಾಣವನ್ನು ಉಳಿಸಿದುದು. ಬಡಗಣ ನೊಣಕ್ಕೆ ಚಳಿಯಲ್ಲಿ ಮರಿಸಾಕಣೆ ತಗ್ಗಿ ವೆಚ್ಚವೂ ತಗ್ಗುವುದು. ಇಲ್ಲಿಯ ಬೆಚ್ಚನೆಯ ಮಳೆಗಾಲದಲ್ಲಿ ಅದೇ ಮಿತವ್ಯಯವನ್ನು ಅದರಿಂದ ನಿರೀಕ್ಷಿಸುವುದು ನಮಗೆ ಸಾಹಸವಾಗಿ ತೋರುವುದು.

ಇನ್ನೊಂದು ಭಯವೂ ಉಂಟು. ತಂದ ಪೆಟ್ಟಿಗೆಯ ಗಂಡುನೊಣಗಳು ಬೇಲಿಯೊಳಗೆ ನಿಲ್ಲವು. ಸುತ್ತಲಿನ ಕಾಡಿನ ರಾಣಿಗಳೊಡನೆ ಕೂಡುವುವು. ರೋಗವೂ ಹಾಗೆಯೇ. 1991-92ರಲ್ಲಿ ತಲೆದೋರಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗವು ದಕ್ಷಿಣ ಭಾರತದ ತುಡುವೆಗಳಲ್ಲಿ ಬಹುಪಾಲನ್ನು ಅಳಿಸಿತು. ಬರಿದಾದ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿದ ಮನೆಗಳನ್ನು ನಾವು ಕಂಡಿರುವೆವು. ಈಗ ಕಾಡಿನಲ್ಲಿರುವುವು ಆ ಮಾರಿಯನ್ನು ದಾಟಿ ಉಳಿದವುಗಳ ಸಂತತಿ. ಅವುಗಳೊಡನೆ ಹುಡುಗಾಟ ಸಲ್ಲದು.

ಇದನ್ನೆಲ್ಲ ಕೇಳಿ ಅವನು ತಲೆ ಕೆರೆದುಕೊಂಡು, "ಮುಂಗಡ ಕೊಟ್ಟುಬಿಟ್ಟಿದ್ದೇನಲ್ಲ, ಮಾಸ್ತರೇ" ಎಂದನು. ಮುಂಗಡ ಹೋದರೆ ಹೋಗಲಿ, ನೊಣಗಳು ಬರುವುದು ಬೇಡವೆಂದೆವು. ಅಡಕೆತೋಟದ ಅಂಚಿನಲ್ಲಿ ಒಳಗೆ ಮೇಣ ಸವರಿದ ಎರಡು ಖಾಲಿ ಪೆಟ್ಟಿಗೆಗಳನ್ನು ಇಟ್ಟು ನೋಡೆಂದು ಹೇಳಿದೆವು. ಇಟ್ಟಿದ್ದಾನೆ. ಒಂದರಲ್ಲಿ ಇರುವೆ ಸೇರಿತು. ಇನ್ನೊಂದರ ಬಾಯಲ್ಲಿ ಮೂರು ದಿನಗಳಿಂದ ನಾಲ್ಕೈದು ತುಡುವೆಗಳು ಹಣಿಕಿ ಹೋಗುತ್ತಿರುವುವಂತೆ.