ಸವಾರರ ಮನಿ ಫೋಟೋ

ಕಳೆದ ವರ್ಷ ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಮುದನಾಳದ ಹಳೇ ಮನೆಯ ಪಡಸಾಲೆಯಲ್ಲಿ ನಾನು ಹುಟ್ಟಿದಾಗಿನಿಂದ ತೂಗುತ್ತಿದ್ದ ಫೋಟೋ ಅದು. ಯೂನಿಫಾರ್ಮ್ ತೊಟ್ಟು ನೆಟ್ಟಗೆ ನಿಂತ ಯುವಕ, ನಮ್ಮ ಮುತ್ಯಾನ ಅಪ್ಪ. ಕಾಕಾನ ಮಗ ಅದನ್ನ ಯಾವುದೋ ಆ್ಯಪ್‌ಗೆ ಹಾಕಿ ಬಣ್ಣ ಬಳಿಸಿದ್ದ. ಡ್ರೆಸ್ ಈಗಿನ ಮಿಲಿಟರಿಯವರ ಹಾಗೆ ಹಸಿರಾಗಿತ್ತು. ಕೆಳಗೆ ಮೆಸೇಜು: "ಅಣ್ಣಾ, ಸೆಪ್ಟೆಂಬರ್ 17ಕ್ಕ ಊರಾಗ ಫ್ಲೆಕ್ಸ್ ಹಾಕ್ಸೋಣು. ವಿಮೋಚನಾ ವೀರ ಅಂತ. ಯಾವ ರೆಜಿಮೆಂಟ್ ಅಂತ ನೀ ಹುಡುಕಿ ಹೇಳು."

ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಯಾದಗಿರಿ, ಶಹಾಪುರ, ಸುರಪುರದ ಸೀಮೆ 1947ರಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು, 17ರಂದು ನಿಜಾಮ ಕದನವಿರಾಮ ಘೋಷಿಸಿದ. ನಮಗೆ ಸ್ವಾತಂತ್ರ್ಯ ಸಿಕ್ಕಿದ್ದು ಅಂದು. ಹಳೇ ಮಂದಿ ಅದನ್ನ ಇವತ್ತಿಗೂ ಪೊಲೀಸ್ ಆಕ್ಷನ್ ಅಂತಾರೆ.

ಗೂಗಲ್‌ನಲ್ಲಿ 'ಹೈದರಾಬಾದ್ ರೆಜಿಮೆಂಟ್' ಅಂತ ಹೊಡೆದೆ. ಐದೇ ನಿಮಿಷಕ್ಕೆ ಉತ್ತರ ಸಿಕ್ಕಿತು. 1922ರಿಂದ ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿದ್ದ 19ನೇ ಹೈದರಾಬಾದ್ ರೆಜಿಮೆಂಟ್. ಕೊಡಗಿನ ತಿಮ್ಮಯ್ಯನವರು ಬರ್ಮಾ ಯುದ್ಧದಲ್ಲಿ ಅದರ ಒಂದು ಬೆಟಾಲಿಯನ್ ಮುನ್ನಡೆಸಿದ್ದರು. ಖುಷಿಯಿಂದ ಗ್ರೂಪಿಗೆ ಹಾಕಿಬಿಟ್ಟೆ. ರಾತ್ರಿ ಮುಂದೆ ಓದಿದಾಗ ಹೊಟ್ಟೆ ತಣ್ಣಗಾಯಿತು. ಹೆಸರಷ್ಟೇ ಹೈದರಾಬಾದ್. ಆ ಹೊತ್ತಿಗೆ ಅದರಲ್ಲಿ ಭರ್ತಿಯಾಗುತ್ತಿದ್ದವರು ಹೆಚ್ಚಾಗಿ ಕುಮಾವೂಂ ಗುಡ್ಡಗಾಡಿನವರು, ಜಾಟರು, ಅಹೀರರು. 1945ರಲ್ಲಿ ಹೆಸರನ್ನೇ ಕುಮಾವೂಂ ರೆಜಿಮೆಂಟ್ ಅಂತ ಬದಲಾಯಿಸಿದರು. ಮೊದಲ ಸರ್ಚ್ ರಿಸಲ್ಟನ್ನೇ ಫಿಕ್ಸ್ ಅಂದುಕೊಂಡು ಕೋಡ್ ಕಳಿಸಿದ ಜೂನಿಯರ್‌ಗಳಿಗೆ ನಾನೇ ಬೈದಿದ್ದೇನೆ. ಇಲ್ಲಿ ನಾನೂ ಅದನ್ನೇ ಮಾಡಿದ್ದೆ.

ಶುಕ್ರವಾರ ರಾತ್ರಿ ರೈಲು ಹತ್ತಿ ಊರಿಗೆ ಹೋದೆ. ಫೋಟೋ ಕೆಳಗಿಳಿಸಿ, ಫ್ರೇಮ್ ಬಿಚ್ಚಿ, ಕಿಟಕಿಯ ಓರೆ ಬೆಳಕಿನಲ್ಲಿ ಮೊಬೈಲ್‌ನಿಂದ ತುಂಡು ತುಂಡಾಗಿ ಹತ್ತಿರದ ಫೋಟೋ ತೆಗೆದೆ. ವಾಟ್ಸ್ಯಾಪಿನಲ್ಲಿ ಹಿಂಡಿ ಬಂದ ಕಾಪಿಗೂ ಮೂಲಕ್ಕೂ ಅಜಗಜಾಂತರ. ಆ್ಯಪ್ ಭುಜದ ಮೇಲೆ ಬಟ್ಟೆಯ ಪಟ್ಟಿ ತೋರಿಸಿತ್ತು. ಮೂಲದಲ್ಲಿ ಇದ್ದದ್ದು ಸಣ್ಣ ಸಣ್ಣ ಕೊಂಡಿಗಳ ಉಕ್ಕಿನ ಜಾಳಿಗೆ. ಕತ್ತಿಯ ಏಟಿನಿಂದ ಭುಜ ಕಾಯಲು ಕುದುರೆ ದಂಡಿನವರು ತೊಡುತ್ತಿದ್ದ ಸರಪಳಿ ಅದು.

ಆಮೇಲೆ ಒಂದೊಂದೇ ಗುರುತು ಮಾತಾಡತೊಡಗಿತು. ಎದೆಗೆ ಅಡ್ಡಲಾಗಿ ಗುಂಡು ಇಡುವ ಚರ್ಮದ ಪಟ್ಟಿ. ಬೂಟಿನ ಹಿಮ್ಮಡಿಗೆ ಕುದುರೆ ತಿವಿಯುವ ಮುಳ್ಳು. ಕಾಲಿಗೆ ಸುತ್ತಿದ ಬಟ್ಟೆಪಟ್ಟಿಯ ತುದಿ ಹರಡಿನ ಹತ್ತಿರ ಕಟ್ಟಿತ್ತು. ಕಾಲಾಳುಗಳು ಆ ಪಟ್ಟಿಯನ್ನ ಹರಡಿನಿಂದ ಮೇಲಕ್ಕೆ ಸುತ್ತಿ ಮೊಣಕಾಲಿನ ಕೆಳಗೆ ಕಟ್ಟುತ್ತಿದ್ದರು. ಕುದುರೆಯವರು ಮೇಲಿನಿಂದ ಶುರುಮಾಡಿ ಕೆಳಗೆ ಮುಗಿಸುತ್ತಿದ್ದರು. ರುಮಾಲಿನ ಬಣ್ಣ ಮಾತ್ರ ನಂಬುವ ಹಾಗಿಲ್ಲ. ಹಳೇ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿ, ನೀಲಿ ಬೆಳ್ಳಗೆ ಬೀಳುತ್ತಿತ್ತು.

ಅಂದರೆ ಇವರು ಸಿಪಾಯಿ ಅಲ್ಲ, ಸವಾರ. ಕುದುರೆ ದಂಡಿನ ಸಾದಾ ಸೈನಿಕನಿಗೆ ಸವಾರ ಅನ್ನುತ್ತಿದ್ದರು. ನಾನು ತಲೆ ಚಚ್ಚಿಕೊಂಡೆ. ಊರಲ್ಲಿ ನಮ್ಮ ಮನೆಗೆ 'ಸವಾರರ ಮನಿ' ಅಂತಲೇ ಕರೆಯುತ್ತಾರೆ. ಯಾರೋ ಹಿರಿಯರಿಗೆ ಸೈಕಲ್ ಇತ್ತೇನೋ ಅಂದುಕೊಂಡೇ ಮೂವತ್ತು ವರ್ಷ ಕಳೆದಿದ್ದೆ!

ಮುತ್ಯಾನ ತಂಗಿ, ನಮ್ಮ ಆಯಿ, ಮೊಬೈಲ್ ಕಣ್ಣಿಗೆ ಹತ್ತಿರ ಹಿಡಿದು ಆ ಸರಪಳಿಯ ಮೇಲೆ ಬೆರಳಾಡಿಸಿದಳು. "ಅಪ್ಪ ರಜಾಕ್ಕ ಬಂದಾಗ ಎತ್ತಿಕೊಂಡ್ರ ಇದು ನನ್ನ ಗಲ್ಲಕ್ಕ ಚುಚ್ಚತಿತ್ತು ನೋಡು" ಅಂದಳು. ಯಾವ ವೆಬ್‌ಸೈಟೂ ಕೊಡದ ಸಾಕ್ಷಿ ಅದು.

ಆದರೆ ಯಾರ ರಿಸಾಲೆ? ಬ್ರಿಟಿಷರ ಕಡೆ ಡೆಕ್ಕನ್ ಹಾರ್ಸ್ ಇತ್ತು, ನಿಜಾಮನಿಗೆ ತನ್ನದೇ ಲ್ಯಾನ್ಸರ್ಸ್ ಇತ್ತು. ಉತ್ತರ ಸಿಕ್ಕಿದ್ದು ಫೋಟೋದ ಬೆನ್ನಿಗೆ. ರಟ್ಟಿನ ಮೇಲೆ ಉರ್ದುವಿನಲ್ಲಿ ಎರಡು ಸಾಲು, ಫ್ರೇಮ್ ಸಡಿಲಾಗದಿರಲಿ ಅಂತ ಮಡಚಿ ತುರುಕಿದ್ದ ಒಂದು ಚೀಟಿ. ಆಫೀಸಿನ ಹೈದರಾಬಾದಿ ಗೆಳೆಯನಿಗೆ ಕಳಿಸಿದೆ. ರಟ್ಟಿನ ಮೇಲಿದ್ದದ್ದು ಹೆಸರು ಮತ್ತು 1347 ಫಸ್ಲಿ. ಅದು ನಿಜಾಮ ಸರ್ಕಾರದ ಪಂಚಾಂಗ; 590 ಕೂಡಿಸಿದರೆ 1937-38. ಚೀಟಿ ಪಗಾರದ್ದು, ಲೆಕ್ಕ ಹಾಲಿ ಸಿಕ್ಕಾದಲ್ಲಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಅದೇ ಹಾಲಿ. ಬ್ರಿಟಿಷ್ ರೂಪಾಯಿಗೆ ಕಲದಾರ ಅನ್ನುತ್ತಿದ್ದರು. ಬ್ರಿಟಿಷರ ಪಲ್ಟನ್ ಆಗಿದ್ದರೆ ಪಗಾರ ಕಲದಾರದಲ್ಲಿ ಬರಬೇಕಿತ್ತು. ಹಾಲಿಯಲ್ಲಿ ಕೊಟ್ಟವನು ನಿಜಾಮ.

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಕಾಕಾನ ಮಗ ಮೆಲ್ಲಗೆ, "ಅಂದ್ರ ನಾವು ಆ ಕಡಿಯವರೇನು?" ಅಂದ.

ಆಗ ಆಯಿ ಬಾಯಿಬಿಟ್ಟಳು. "ಪೊಲೀಸ್ ಆಕ್ಷನ್ ಆದಾಗ ನಂಗ ಒಂಬತ್ತೋ ಹತ್ತೋ ವರ್ಷ. ನಿಜಾಮನ ನೌಕರರ ಮನಿ ಹುಡುಕ್ತಾರಂತ ಊರಾಗ ಸುದ್ದಿ ಎದ್ದಿತ್ತು. ಅವ್ವ ರಾತ್ರೋರಾತ್ರಿ ಈ ಫೋಟೋ ಅರಿವ್ಯಾಗ ಸುತ್ತಿ ಜ್ವಾಳದ ಹಗೇವಿನ್ಯಾಗ ಇಟ್ಟಳು. ಅಪ್ಪ ದೀಪಾವಳಿ ಹೊತ್ತಿಗಿ ಬಂದ. ಯಾದಗಿರಿ ಟೇಷನ್ನಿಂದ ನಡಕೋತ ಬಂದ. ಮೈಮ್ಯಾಲ ಧೋತ್ರ ಅಷ್ಟೇ. ಕುದುರಿ ಏನಾತು ಅಂತ ಕೇಳಿದ್ಕ ಅತ್ತ. ಮತ್ತ ಆ ಮಾತು ತೆಗೀಲಿಲ್ಲ, ನಾವೂ ಕೇಳಲಿಲ್ಲ."

ಫೋಟೋದ ಮೂಲೆಯ ಕಲೆ ಮಳೆ ಸೋರಿ ಆದದ್ದು ಅಂತ ನಾವೆಲ್ಲ ತಿಳಿದಿದ್ದೆವು. ಅದು ಹಗೇವಿನ ಕಲೆ.

ಅಪ್ಪ ಅಷ್ಟೊತ್ತು ಸುಮ್ಮನಿದ್ದವರು, "ಹೊಟ್ಟಿಪಾಡಿಗಿ ಹೋಗಿದ್ದ. ಆವಾಗ ಇಲ್ಲಿ ಸರ್ಕಾರ ಅಂದ್ರ ಅದೊಂದೇ ಇತ್ತಲ್ಲ" ಅಂದರು.

ವಾಪಸ್ ಬರುವಾಗ ರೈಲಿನಲ್ಲಿ ಅದೇ ಯೋಚನೆ. ಮೊದಲ ಮಹಾಯುದ್ಧದಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್ಸ್ ಒಂದೇ ಬ್ರಿಗೇಡಿನಲ್ಲಿದ್ದವು. 1918ರಲ್ಲಿ ಹೈಫಾ ಗೆದ್ದದ್ದು ಆ ಬ್ರಿಗೇಡ್. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನದ ಸವಾರರವು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವೂ ಇದೆ. ನಮ್ಮ ಮುತ್ಯಾನ ಅಪ್ಪ ಮೈಸೂರು ಸೀಮೆಯಲ್ಲಿ ಹುಟ್ಟಿದ್ದರೆ ಅವರ ಫೋಟೋ ಹಗೇವಿಗೆ ಇಳಿಯುತ್ತಿರಲಿಲ್ಲ. ಹುಟ್ಟಿದ ಊರು ಯಾರ ನಕಾಶೆಯಲ್ಲಿತ್ತು ಅನ್ನೋದು ಅವರ ಕೈಯಲ್ಲಿರಲಿಲ್ಲ. ಹಾಗಂತ ವಿಮೋಚನೆಗೆ ಜೈಲು ಸೇರಿದವರ, ಪ್ರಾಣ ಕೊಟ್ಟವರ ಬಿರುದು ತಂದು ಇವರ ಹೆಸರಿಗೆ ಅಂಟಿಸುವುದೂ ಸರಿಯಲ್ಲ. ಅದು ಇಬ್ಬರಿಗೂ ಮಾಡುವ ಅನ್ಯಾಯ.

ನಿಮ್ಮ ಮನೆಯಲ್ಲೂ ಇಂಥ ಫೋಟೋ ಇದ್ದರೆ ಆ್ಯಪ್‌ಗೆ ಹಾಕುವ ಮೊದಲು ಫ್ರೇಮ್ ಬಿಚ್ಚಿ ಬೆನ್ನು ನೋಡಿ. ಭುಜ, ಬೆಲ್ಟು, ಕಾಲು ಬೇರೆ ಬೇರೆಯಾಗಿ ನೋಡಿ. ಬ್ಯಾಡ್ಜ್ ಕಂಡರೆ ಕಿರೀಟ ಇದೆಯೋ ಅಶೋಕನ ಸಿಂಹ ಇದೆಯೋ ಗಮನಿಸಿ. ಭಾರತೀಯ ಸೇನೆಯಲ್ಲಿ ಸಿಂಹ ಬಂದದ್ದು 1950ರಲ್ಲಿ. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರ ಪಕ್ಕ ಕೂತು ತೋರಿಸಿ. ಅವರು ಇರುವಾಗಲೇ.

ಸೆಪ್ಟೆಂಬರ್ 16ರ ರಾತ್ರಿ ಕಾಕಾನ ಮಗನ ಮೆಸೇಜು ಬಂತು: "ಅಣ್ಣಾ, ಫ್ಲೆಕ್ಸ್ ಕ್ಯಾನ್ಸಲ್ ಮಾಡೀನಿ. ಫೋಟೋಕ್ಕ ಹೊಸ ಫ್ರೇಮ್ ಹಾಕ್ಸೀನಿ." ಜೊತೆಗೆ ಪಡಸಾಲೆಯ ಗೋಡೆಯ ಚಿತ್ರ. ಬಣ್ಣ ಬಳಿಯದ ಅದೇ ಕಪ್ಪು-ಬಿಳುಪು ಫೋಟೋ, ಮೂಲೆಯ ಕಲೆಯೂ ಹಾಗೇ ಇದೆ. ಕೆಳಗೆ ಹೆಸರು, ಹೆಸರಿನ ಮುಂದೆ: ಸವಾರ, ನಿಜಾಮ ಸರ್ಕಾರದ ರಿಸಾಲೆ, 1347 ಫಸ್ಲಿ.