ಬಿಟ್ರೆ ತಿರ್ಗಾ ಸಿಗಲ್ಲ

ಬೆಂಗಳೂರಿನ ಬಸ್ಸುಗಳ ಮೈಮೇಲೆ ಬಿ.ಟಿ.ಎಸ್. ಎಂದಿದ್ದ ಕಾಲದಲ್ಲಿ ನಾವು ಹುಡುಗರು ಅದನ್ನು 'ಬಿಟ್ರೆ ತಿರ್ಗಾ ಸಿಗಲ್ಲ' ಎಂದು ಬಿಡಿಸಿ ಓದುತ್ತಿದ್ದೆವು. 1997ರಲ್ಲಿ ಅದು ಬಿ.ಎಂ.ಟಿ.ಸಿ. ಆಯಿತು. ಮಾತು ಮಾತ್ರ ಸುಳ್ಳಾಗಲಿಲ್ಲ. ನಾನೇ ಬಸ್ಸು ಬಿಟ್ಟೆ, ತಿರುಗಿ ಸಿಗಲಿಲ್ಲ.

ಹನುಮಂತನಗರದ ನಮ್ಮ ಸ್ಟಾಪಿನಲ್ಲಿ ತಂಗುದಾಣವಿರಲಿಲ್ಲ, ಒಂದು ಹೊಂಗೆಮರವಿತ್ತು. ಅದರಡಿ ನಿಂತರೆ ಬಸ್ಸು ಬಾರದಿದ್ದರೂ ಬೀದಿಯ ಸುದ್ದಿಯೆಲ್ಲ ಬರುತ್ತಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ನಲ್ಲಿಯಲ್ಲಿ ರಾತ್ರಿ ಕಳ್ಳನೀರು ಬಂತು, ಎಲ್ಲವೂ. ಬಸ್ಸು ಬಂದರೆ ಕಂಡಕ್ಟರು "ಒಳಗ್ ನಡೀರಿ ಸ್ವಾಮಿ, ಒಳಗೆ ಕಲ್ಯಾಣಮಂಟಪದಷ್ಟು ಜಾಗ ಇದೆ" ಎನ್ನುತ್ತಿದ್ದರು. ಚಿಲ್ಲರೆಯ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತಿದ್ದರು. ಇಳಿಯುವ ಗಡಿಬಿಡಿಯಲ್ಲಿ ಮರೆತ ಎಂಟಾಣೆಗಳನ್ನೆಲ್ಲ ಕೂಡಿಹಾಕಿದ್ದರೆ ಒಂದು ಡಬಲ್ ಡೆಕ್ಕರನ್ನೇ ಕೊಳ್ಳಬಹುದಿತ್ತೆಂದು ಅಪ್ಪನ ಲೆಕ್ಕ.

ಮಾರುತಿ 800 ದೆಹಲಿಯಲ್ಲಿ ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ನಮ್ಮ ಬೀದಿಗೆ ಅದು ಬಂದದ್ದು ಡಾಕ್ಟರ ಮನೆಗೆ. ನೋಡಲು ಹೋದ ಅಪ್ಪ, "ಇದರೊಳಗೆ ಕೂರೋದೋ, ಇದನ್ನ ತೊಟ್ಕೊಳ್ಳೋದೋ?" ಎಂದಿದ್ದರು. 1999ರ ಕೊನೆಗೆ ಬಿಡದಿಯಲ್ಲೇ ಟೊಯೋಟಾದ ಕ್ವಾಲಿಸ್ ತಯಾರಾಗತೊಡಗಿತು. ದೂರದ ನೆಂಟನಂತಿದ್ದ ಕಾರು ಪಕ್ಕದ ಮನೆಯವನಾಯಿತು. ತಂಗಿಯ ಮದುವೆಗೆ ಸಾಲ ಕೇಳಿದಾಗ ತಿಂಗಳುಗಟ್ಟಲೆ ಅಲೆಸಿದ್ದ ಬ್ಯಾಂಕು ಕಾರಿಗಾದರೆ ತಾನೇ ಫೋನು ಮಾಡಿತು. ಸೋತೆ.

ರಸ್ತೆ ಅಗಲ ಮಾಡಿ ಎಂಬ ಅರ್ಜಿ ಬಂದಾಗ ಕಾರಿನವನ ಗತ್ತಿನಲ್ಲಿ ಸಹಿ ಜಡಿದೆ. ರಸ್ತೆ ಅಗಲವಾಯಿತು, ಹೊಂಗೆ ಹೋಯಿತು. ಆಮೇಲೆ ಕಾರು ನಿಲ್ಲಿಸಲು ನೆರಳು ಹುಡುಕುತ್ತ ಮೂರು ಬೀದಿ ಸುತ್ತಿದವನೂ ನಾನೇ. ಈಗ ಈ ಊರಿನಲ್ಲಿ ನೋಂದಣಿಯಾದ ವಾಹನಗಳು 1 ಕೋಟಿ ದಾಟಿವೆ, ಬಿ.ಎಂ.ಟಿ.ಸಿ. ಬಸ್ಸುಗಳು 7,000ದ ಆಸುಪಾಸು. ಅರುವತ್ತು ಜನರನ್ನು ಹೊತ್ತ ಬಸ್ಸಿನ ಮುಂದೆ ನಾನೊಬ್ಬ ಐದು ಸೀಟಿನ ಕಾರನ್ನು ಅಡ್ಡ ಹಾಕಿಕೊಂಡು, 'ಎಂಥ ಟ್ರಾಫಿಕ್ಕಪ್ಪಾ' ಎಂದು ಬೈಯುತ್ತೇನೆ. ಹೊಗೆಗೆ ಹೆದರಿ ಗಾಜು ಏರಿಸುತ್ತೇನೆ. ನನ್ನ ಹೊಗೆ ಹಿಂದಿನವರಿಗೆ.

2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯಿತು. ಮಲ್ಲೇಶ್ವರದಲ್ಲಿ ನೆಂಟರ ಮನೆಯ ನಾಮಕರಣ. "ರೀ, ನೀವು ಕಾರಲ್ಲಿ ಬನ್ನಿ, ನಾನು ಬಸ್ಸಲ್ಲಿ ಹೋಗ್ತೀನಿ" ಎಂದು ಇವಳು ಆಧಾರ್ ಕಾರ್ಡು ಹಿಡಿದು ಹೊರಟಳು. ನಾನು ನೂರು ರೂಪಾಯಿ ದಾಟಿದ ಪೆಟ್ರೋಲು ಹಾಕಿಸಿಕೊಂಡು ಹೊರಟೆ.

ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಅವಳ ಬಸ್ಸು ನನ್ನ ಪಕ್ಕಕ್ಕೇ ಬಂದು ನಿಂತಿತು. ಕಿಟಕಿಯ ಸೀಟು ಸಿಕ್ಕಿತ್ತು. ಯಾರೋ ಅಪರಿಚಿತ ಹೆಂಗಸಿನ ಜೊತೆ ಆಗಲೇ ನಗುತ್ತ ಮಾತಾಡುತ್ತಿದ್ದಳು. ಆಕೆಯ ಮಡಿಲಲ್ಲಿ ಕಡಲೆಕಾಯಿಯ ಪೊಟ್ಟಣ. ನನ್ನನ್ನು ಕಂಡು ಇವಳು ಒಂದು ಕಡಲೆಕಾಯಿ ಎತ್ತಿ ತೋರಿಸಿದಳು. ಬಾಗಿಲ ಬಳಿ ಒಬ್ಬರು ನಿಲ್ಲುವಷ್ಟು ಜಾಗ ಇದ್ದಂತಿತ್ತು. ಗಾಜು ಇಳಿಸಿದೆ. ಹಸಿರು ದೀಪ ಬಿತ್ತು, ಹಿಂದಿನವರು ಹಾರ್ನು ಹೊಡೆದರು, ಕಾರನ್ನು ಎಲ್ಲಿ ಬಿಡಲಿ?